ವಿದೇಶದಲ್ಲಿ ಕಾರು ಓಡಿಸಲು ಐಡಿಪಿ ಬೇಕೇ?

ಮಗಳು ಕ್ಯಾಲಿಫೋರ್ನಿಯಾದಲ್ಲಿ, ಮಗ ಮ್ಯೂನಿಕ್‌ನಲ್ಲಿ, ತಮ್ಮನ ಸಂಸಾರ ದುಬೈಯಲ್ಲಿ. ಇಂಥ ಮನೆಗಳು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಉಡುಪಿ, ಶಿವಮೊಗ್ಗ, ಧಾರವಾಡಗಳ ಬೀದಿಬೀದಿಯಲ್ಲೂ ಇವೆ. ವೀಸಾ ಬಂತು, ಟಿಕೆಟ್ ಆಯಿತು, ಚಟ್ನಿಪುಡಿ ಕಟ್ಟಿಯೂ ಆಯಿತು. ಹೊರಡಲು ಮೂರು ದಿನ ಉಳಿದಿರುವಾಗ ಯಾರಿಗೋ ನೆನಪಾಗುತ್ತದೆ: ‘ಅಲ್ಲಿ ಕಾರು ಓಡಿಸೋಕೆ ಇಂಟರ್‌ನ್ಯಾಷನಲ್ ಲೈಸೆನ್ಸ್ ಬೇಕಲ್ವಾ?’

ಇಂಗ್ಲೆಂಡಿಗೆ ಹೋಗಿಬಂದವರನ್ನು ಕೇಳಿದರೆ ‘ಏನೂ ಬೇಡ, ನಮ್ಮ ಡಿಎಲ್ ತೋರಿಸಿದೆ, ಕೀಲಿ ಕೊಟ್ಟರು’ ಎನ್ನುತ್ತಾರೆ. ಜಪಾನಿಗೆ ಹೋಗಿಬಂದವರು ‘ಅದಿಲ್ಲದೆ ಕಾರಿನ ಬಾಗಿಲನ್ನೂ ಮುಟ್ಟಗೊಡುವುದಿಲ್ಲ’ ಎನ್ನುತ್ತಾರೆ. ಇಬ್ಬರ ಮಾತೂ ನಿಜ. ಒಬ್ಬರ ಅನುಭವವನ್ನು ಇನ್ನೊಂದು ದೇಶಕ್ಕೆ ಹೊತ್ತುಕೊಂಡು ಹೋದಾಗಲೇ ತೊಂದರೆ ಶುರುವಾಗುವುದು.

‘ಇಂಟರ್‌ನ್ಯಾಷನಲ್ ಲೈಸೆನ್ಸ್’ ಎಂಬ ಹೆಸರೇ ಅರ್ಧ ಗೊಂದಲಕ್ಕೆ ಕಾರಣ. ಅಂಥ ಲೈಸೆನ್ಸ್ ಜಗತ್ತಿನಲ್ಲಿ ಇಲ್ಲ. ನಮ್ಮ ಆರ್‌ಟಿಒ ಕೊಡುವುದು ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್, ಚಿಕ್ಕದಾಗಿ ಐಡಿಪಿ. ಈ ಮನುಷ್ಯನ ಹತ್ತಿರ ಭಾರತದ ಲೈಸೆನ್ಸ್ ಇದೆ, ಇಂತಿಂಥ ವಾಹನ ಓಡಿಸಲು ಅರ್ಹ ಎಂಬುದನ್ನು ಹೊರದೇಶದ ಪೊಲೀಸ್ ತನ್ನ ಭಾಷೆಯಲ್ಲಿ ಓದಿಕೊಳ್ಳಲಿ ಎಂದು ಮಾಡಿದ ಅನುವಾದದ ಪುಸ್ತಿಕೆ ಅದು. ಮೂಲ ಡಿಎಲ್ ಜೊತೆಯಲ್ಲಿ ಇಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಕೊಟ್ಟ ದೇಶದೊಳಗೂ ಅದು ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಸಂಚಾರ ಪೊಲೀಸರಿಗೆ ಐಡಿಪಿ ತೋರಿಸಿ ಪ್ರಯೋಜನವಿಲ್ಲ.

ಕಾರುಗಳು ಗಡಿ ದಾಟತೊಡಗಿದ ಕಾಲದಲ್ಲೇ ಈ ಏರ್ಪಾಡು ಹುಟ್ಟಿತು. 1909ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಒಪ್ಪಂದ, 1926ರಲ್ಲಿ ಅಲ್ಲೇ ಮತ್ತೊಂದು, 1949ರಲ್ಲಿ ಜಿನೀವಾದಲ್ಲಿ ಮೂರನೆಯದು, 1968ರಲ್ಲಿ ವಿಯೆನ್ನಾದಲ್ಲಿ ನಾಲ್ಕನೆಯದು. ಇಷ್ಟು ಇತಿಹಾಸವನ್ನು ನೆನಪಿಟ್ಟುಕೊಳ್ಳಲೇಬೇಕು. ಏಕೆಂದರೆ ನಮ್ಮ ಪುಸ್ತಿಕೆ 1949ರ ಜಿನೀವಾ ಒಪ್ಪಂದದ್ದು, ಒಂದೇ ವರ್ಷ ನಡೆಯುವಂಥದ್ದು. ವಿಯೆನ್ನಾ ಒಪ್ಪಂದದ ಪುಸ್ತಿಕೆಗೆ ಮೂರು ವರ್ಷದವರೆಗೂ ಆಯುಷ್ಯವಿದೆ. ನೋಡಲು ಒಂದೇ ಥರ ಕಂಡರೂ ಎಲ್ಲ ದೇಶಗಳೂ ಎರಡನ್ನೂ ಒಪ್ಪುವುದಿಲ್ಲ. ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ, ಹಾಗಾಗಿ ನಮ್ಮವರಿಗೆ ಅಲ್ಲಿ ಅನುಕೂಲ. ವಿಯೆಟ್ನಾಂ ಸೇರಿರುವುದು 1968ರದ್ದಕ್ಕೆ, 1949ರದ್ದಕ್ಕಲ್ಲ. ಹನೋಯಿಯಿಂದ ಬೈಕ್ ಬಾಡಿಗೆಗೆ ಪಡೆದು ಉತ್ತರದ ಗುಡ್ಡಗಳನ್ನು ಸುತ್ತುವ ಹುಮ್ಮಸ್ಸು ನಮ್ಮ ಹುಡುಗರಲ್ಲಿ ಈಚೆಗೆ ಹೆಚ್ಚಿದೆ. ಬ್ಯಾಗಿನಲ್ಲಿ ಐಡಿಪಿ ಇದೆ ಎಂಬ ಧೈರ್ಯ ಅಲ್ಲಿ ಸಾಲದು.

ಕೇಳುವವರು ಮೂವರು

‘ಬೇಕೇ, ಬೇಡವೇ’ ಎಂದು ವಿಚಾರಿಸುವವರು ಸಾಮಾನ್ಯವಾಗಿ ಪೊಲೀಸರನ್ನಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಿಜಕ್ಕೂ ನಿಮ್ಮ ಕಾಗದ ಕೇಳುವವರು ಮೂವರು: ಆ ದೇಶದ ಕಾನೂನು, ಕಾರು ಬಾಡಿಗೆಗೆ ಕೊಡುವ ಕಂಪನಿ, ಮತ್ತು ವಿಮೆ. ಮೂವರ ಷರತ್ತೂ ಬೇರೆ ಬೇರೆ.

ಕಾನೂನು ಬೇಡವೆಂದರೂ ಬಾಡಿಗೆ ಕಂಪನಿ ಬೇಕೆನ್ನಬಹುದು. ಅದು ಅವರ ಕಾರು, ಷರತ್ತು ಹಾಕುವ ಹಕ್ಕೂ ಅವರದ್ದು. ಬುಕಿಂಗ್ ಮಾಡುವಾಗ ಬರುವ ನಿಯಮಾವಳಿಯನ್ನು ನಮ್ಮಲ್ಲಿ ಯಾರೂ ಓದುವುದಿಲ್ಲ. ಚಾಲಕರ ದಾಖಲೆಗಳ ಬಗ್ಗೆ ಅದರಲ್ಲಿರುವ ನಾಲ್ಕು ಸಾಲುಗಳನ್ನಾದರೂ ಓದಲೇಬೇಕು. ಲೈಸೆನ್ಸ್ ಸಿಕ್ಕು ಕನಿಷ್ಠ ಒಂದು ವರ್ಷವಾಗಿರಬೇಕು, 25 ದಾಟದವರು ಹೆಚ್ಚಿನ ಹಣ ಕೊಡಬೇಕು, ಕ್ರೆಡಿಟ್ ಕಾರ್ಡ್ ಚಾಲಕರ ಹೆಸರಿನಲ್ಲೇ ಇರಬೇಕು ಎಂಬಂಥ ಮಾತುಗಳೂ ಅಲ್ಲೇ ಸಿಗುತ್ತವೆ.

ಆದರೆ ನಿಜವಾದ ಹೆದರಿಕೆ ಇರಬೇಕಾದದ್ದು ಮೂರನೆಯವರದ್ದು. ಪೊಲೀಸ್ ದಂಡ ಹಾಕಿದರೆ ಆ ದಿನದ ಸಂತೋಷ ಹೋಯಿತು, ಅಷ್ಟೆ. ಅಪಘಾತದಲ್ಲಿ ಒಬ್ಬರಿಗೆ ಪೆಟ್ಟಾಗಿ, ‘ಈ ದೇಶದಲ್ಲಿ ಈ ವಾಹನ ಓಡಿಸಲು ನಿಮಗೆ ಸರಿಯಾದ ಪರವಾನಗಿ ಇರಲಿಲ್ಲ’ ಎಂದು ವಿಮಾ ಕಂಪನಿ ಕೈಚೆಲ್ಲಿದರೆ ಆಸ್ಪತ್ರೆಯ ಬಿಲ್ಲು, ಕಾರಿನ ಬೆಲೆ, ಎದುರಿನವರ ಪರಿಹಾರ ಮೂರೂ ನಿಮ್ಮ ತಲೆಯ ಮೇಲೆ. ಇಲ್ಲಿಂದ ಮಾಡಿಸಿಕೊಂಡು ಹೋಗುವ ಪ್ರವಾಸ ವಿಮೆಯಲ್ಲೂ ಇದೇ ಮಾತು ಒಂದು ಮೂಲೆಯಲ್ಲಿ ಇರುತ್ತದೆ: ವಾಹನ ಚಲಾಯಿಸುವಾಗ ಆದ ಗಾಯಕ್ಕೆ ಹಣ ಸಿಗಬೇಕಾದರೆ, ಆ ಬಗೆಯ ವಾಹನಕ್ಕೆ ಅಲ್ಲಿ ಮಾನ್ಯವಾದ ಪರವಾನಗಿ ಇರಬೇಕು.

ಈ ಷರತ್ತಿಗೆ ಹೆಚ್ಚಾಗಿ ಸಿಕ್ಕಿಬೀಳುವವರು ಥಾಯ್ಲೆಂಡ್, ಬಾಲಿಗಳಿಗೆ ಹೋಗುವ ಯುವಕರು. ಗೋವಾದಲ್ಲಿ ಸ್ಕೂಟರ್ ಬಾಡಿಗೆಗೆ ಪಡೆದ ರೂಢಿಯಲ್ಲೇ ಫುಕೆಟ್‌ನಲ್ಲೂ ಪಡೆಯುತ್ತಾರೆ. ಅಂಗಡಿಯವನು ಪಾಸ್‌ಪೋರ್ಟ್ ನೋಡಿ ಕೀಲಿ ಕೊಡುತ್ತಾನೆ, ಐಡಿಪಿ ಕೇಳುವುದೇ ಇಲ್ಲ. ಅವನು ಕೇಳಲಿಲ್ಲ ಎಂದ ಮಾತ್ರಕ್ಕೆ ಕಾನೂನು ಕೇಳುವುದಿಲ್ಲ ಎಂದಲ್ಲ. ಐಡಿಪಿ ಇದ್ದವರೂ ಒಳಗಿನ ಪುಟವನ್ನೊಮ್ಮೆ ನೋಡಬೇಕು. ಅದರಲ್ಲಿ ‘ಎ’ ಎಂದರೆ ಮೋಟಾರ್ ಸೈಕಲ್. ‘ಬಿ’ ಎಂದರೆ ಚಾಲಕನನ್ನು ಬಿಟ್ಟು ಎಂಟು ಆಸನದವರೆಗಿನ ಕಾರು ಅಥವಾ 3,500 ಕೆಜಿಯೊಳಗಿನ ವಾಹನ. ನಿಮ್ಮ ಡಿಎಲ್‌ನಲ್ಲಿ ಎಲ್‌ಎಂವಿ ಮಾತ್ರ ಇದ್ದರೆ ಐಡಿಪಿಯಲ್ಲಿ ‘ಬಿ’ಗೆ ಮಾತ್ರ ಮುದ್ರೆ ಬೀಳುತ್ತದೆ. ಅದನ್ನು ಹಿಡಿದು ಸ್ಕೂಟರ್ ಹತ್ತಿದವರು ಆ ದೇಶದ ಲೆಕ್ಕದಲ್ಲಿ ಲೈಸೆನ್ಸ್ ಇಲ್ಲದವರೇ.

ಯಾವ ದೇಶಕ್ಕೆ ಏನು?

ಎಲ್ಲ ದೇಶಗಳ ಪಟ್ಟಿ ಕೊಡುವುದು ನನ್ನ ಉದ್ದೇಶವಲ್ಲ. ಅಂಥ ಪಟ್ಟಿ ಅಚ್ಚಾಗುವಷ್ಟರಲ್ಲಿ ಹಳೆಯದಾಗಿರುತ್ತದೆ. ಕನ್ನಡಿಗರು ಹೆಚ್ಚು ಹೋಗುವ ಕಡೆಗಳದ್ದನ್ನು ಹೇಳುತ್ತೇನೆ.

ಇಂಗ್ಲಿಷ್ ನಡೆಯುವ ದೇಶಗಳಲ್ಲಿ ಪ್ರವಾಸಿಗರಿಗೆ ಹಾದಿ ಸಲೀಸು. ನಮ್ಮ ಡಿಎಲ್‌ನ ವಿವರಗಳು ಇಂಗ್ಲಿಷಿನಲ್ಲೇ ಇರುವುದರಿಂದ ಅನುವಾದದ ಅಗತ್ಯವೇ ಬೀಳುವುದಿಲ್ಲ. ಬ್ರಿಟನ್ನಿನಲ್ಲಿ 12 ತಿಂಗಳವರೆಗೆ ಭಾರತದ ಡಿಎಲ್‌ನಲ್ಲೇ ಕಾರು ಓಡಿಸಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳು ಐಡಿಪಿಯನ್ನೋ ಅನುವಾದವನ್ನೋ ಕೇಳುವುದು ಲೈಸೆನ್ಸ್ ಇಂಗ್ಲಿಷಿನಲ್ಲಿ ಇಲ್ಲದಿದ್ದಾಗ. ಸಿಂಗಪುರದಲ್ಲೂ ಪ್ರವಾಸಿಗರ ಮಟ್ಟಿಗೆ ಹೆಚ್ಚುಕಡಿಮೆ ಇದೇ ಕ್ರಮ. ಇವೆಲ್ಲವೂ ನಮ್ಮ ಹಾಗೆ ರಸ್ತೆಯ ಎಡಕ್ಕೆ ಓಡಿಸುವ ದೇಶಗಳು ಎಂಬುದು ಇನ್ನೊಂದು ಅನುಕೂಲ.

ಅಮೆರಿಕದಲ್ಲಿ ಒಂದೊಂದು ರಾಜ್ಯಕ್ಕೂ ಒಂದೊಂದು ಕಾನೂನು. ನಮ್ಮವರು ಅತಿ ಹೆಚ್ಚು ಇರುವ ಕ್ಯಾಲಿಫೋರ್ನಿಯಾದಲ್ಲಿ, ಭೇಟಿಗೆ ಬಂದ 18 ದಾಟಿದವರು ತಮ್ಮ ದೇಶದ ಲೈಸೆನ್ಸಿನಲ್ಲೇ ಓಡಿಸಬಹುದು. ಅಲ್ಲಿನ ಮೋಟಾರು ವಾಹನ ಇಲಾಖೆ ಐಡಿಪಿಯನ್ನು ಲೈಸೆನ್ಸ್ ಎಂದು ಪರಿಗಣಿಸುವುದೇ ಇಲ್ಲ. ನಿಯಮ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಫ್ಲೋರಿಡಾ ಒಳ್ಳೆಯ ಉದಾಹರಣೆ. 2013ರ ಜನವರಿ 1ರಿಂದ ಹೊರದೇಶದವರಿಗೆಲ್ಲ ಐಡಿಪಿ ಕಡ್ಡಾಯ ಎಂಬ ಕಾನೂನು ಅಲ್ಲಿ ಜಾರಿಗೆ ಬಂತು. ಚಳಿಗಾಲ ಕಳೆಯಲು ಅಲ್ಲಿಗೆ ಬರುವ ಕೆನಡಾದವರು ಗದ್ದಲ ಎಬ್ಬಿಸಿದರು, ಅಂತಾರಾಷ್ಟ್ರೀಯ ಒಪ್ಪಂದಕ್ಕೆ ವಿರುದ್ಧವಾದೀತು ಎಂಬ ಪ್ರಶ್ನೆ ಎದ್ದಿತು, ಕೆಲವೇ ತಿಂಗಳಲ್ಲಿ ಅದನ್ನು ತಿದ್ದಬೇಕಾಯಿತು.

ಅಮೆರಿಕಕ್ಕೆ ಹೋಗುವ ತಂದೆತಾಯಿಯರಿಗೆ ಒಂದು ಮಾತು. ಆರು ತಿಂಗಳು ಮನೆಯಲ್ಲಿ ಕೂತು ಬೇಸರವಾಗಿ, ಮಗಳು ಕೆಲಸದಲ್ಲಿದ್ದಾಗ ಅವಳ ಕಾರಿನಲ್ಲಿ ಹತ್ತಿರದ ಅಂಗಡಿಗೋ ಗುಡಿಗೋ ಹೋಗಿಬರಬೇಕೆನ್ನಿಸುವುದು ಸಹಜ. ನಿಮ್ಮ ಡಿಎಲ್ ಅಲ್ಲಿ ನಡೆಯಬಹುದು, ಅವಳ ಕಾರಿನ ವಿಮೆ ನಿಮಗೂ ಅನ್ವಯಿಸುತ್ತದೆಯೇ? ಮನೆಯಲ್ಲಿ ತಿಂಗಳುಗಟ್ಟಲೆ ಇರುವವರ ಹೆಸರನ್ನು ಪಾಲಿಸಿಗೆ ಸೇರಿಸಬೇಕೆಂದು ವಿಮಾ ಕಂಪನಿಗಳು ಕೇಳುವುದುಂಟು. ಮಗಳು ಒಂದು ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೆಯೇ ಕೀಲಿ ಮುಟ್ಟಿ.

ಯುರೋಪಿನ ಮುಖ್ಯಭೂಮಿಗೆ ಹೋಗುವವರು ಐಡಿಪಿ ಮಾಡಿಸಲೇಬೇಕು ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಜರ್ಮನಿ, ಫ್ರಾನ್ಸ್, ಇಟಲಿಗಳು ಭಾರತದ ಡಿಎಲ್ ಜೊತೆಗೆ ಐಡಿಪಿಯನ್ನೋ ಅಧಿಕೃತ ಅನುವಾದವನ್ನೋ ಕೇಳುತ್ತವೆ. ಅಲ್ಲಿ ಕಾರು ತೆಗೆದುಕೊಂಡವರು ಒಂದೇ ದೇಶದಲ್ಲಿ ನಿಲ್ಲುವುದೂ ಇಲ್ಲ; ಮ್ಯೂನಿಕ್‌ನಲ್ಲಿ ತಿಂಡಿ ತಿಂದು ಹೊರಟರೆ ಮಧ್ಯಾಹ್ನದೊಳಗೆ ಆಸ್ಟ್ರಿಯಾ ದಾಟಿ ಇಟಲಿಯಲ್ಲಿರಬಹುದು. ಪ್ರತಿ ದೇಶಕ್ಕೂ ಒಂದೊಂದು ಅನುವಾದ ಮಾಡಿಸುವುದು ಆಗದ ಮಾತು.

ಜಪಾನಿನ ವಿಷಯ ಆಗಲೇ ಹೇಳಿದೆ. ನಮ್ಮ ಡಿಎಲ್ ಇಂಗ್ಲಿಷಿನಲ್ಲಿದ್ದರೂ ಅಲ್ಲಿ ಅದೊಂದೇ ನಡೆಯುವುದಿಲ್ಲ. ಪಾಸ್‌ಪೋರ್ಟ್, ಡಿಎಲ್, ಐಡಿಪಿ ಮೂರೂ ಕೈಯಲ್ಲಿರಬೇಕು. ಚೀನಾದ ಮುಖ್ಯಭೂಮಿಯದು ಇದಕ್ಕೆ ತದ್ವಿರುದ್ಧ: ಅಲ್ಲಿ ಐಡಿಪಿಗೆ ಮಾನ್ಯತೆಯೇ ಇಲ್ಲ, ಅಲ್ಲಿನ ತಾತ್ಕಾಲಿಕ ಲೈಸೆನ್ಸನ್ನೇ ಪಡೆಯಬೇಕು. ಹಾಂಗ್‌ಕಾಂಗ್‌ನ ಕ್ರಮ ಬೇರೆ. ಶ್ರೀಲಂಕಾದಲ್ಲಿ ಐಡಿಪಿ ತೋರಿಸಿದರೆ ಸಾಲದು, ಅದರ ಆಧಾರದ ಮೇಲೆ ಸ್ಥಳೀಯ ಅನುಮತಿಯನ್ನೂ ಮಾಡಿಸಬೇಕು. ಕೊಲಂಬೊದಲ್ಲಿ ಇಳಿದು ನೇರವಾಗಿ ಆಟೊರಿಕ್ಷಾ ಬಾಡಿಗೆಗೆ ಪಡೆದು ಹೊರಡುವ ಯೋಜನೆ ಹಾಕಿದವರು ಇದಕ್ಕೂ ಸಮಯ ಇಟ್ಟುಕೊಳ್ಳಲಿ. ನೇಪಾಳ, ಭೂತಾನ್‌ಗಳಿಗೆ ನಮ್ಮ ಡಿಎಲ್ ಸಾಕು. ಸ್ವಂತ ವಾಹನವನ್ನು ಒಯ್ಯುವುದಾದರೆ ಗಡಿಯಲ್ಲಿ ಆ ವಾಹನಕ್ಕೆ ಪರ್ಮಿಟ್ ಬೇಕು, ನೇಪಾಳದ ಗಡಿಯಲ್ಲಿ ಅದನ್ನು ಭನ್ಸಾರ್ ಎನ್ನುತ್ತಾರೆ.

ಇನ್ನು ಕೊಲ್ಲಿ. ಕರಾವಳಿಯಲ್ಲಿ ಮನೆಗೊಬ್ಬರಂತೆ ಅಲ್ಲಿ ದುಡಿಯುವವರು ಇರುವುದರಿಂದ ಇದನ್ನು ಬಿಡಿಸಿ ಹೇಳಬೇಕು. ಸಂದರ್ಶಕ ವೀಸಾದಲ್ಲಿ ದುಬೈಗೆ ಹೋದವರು ಭಾರತದ ಡಿಎಲ್ ಮತ್ತು ಐಡಿಪಿ ಎರಡನ್ನೂ ತೋರಿಸಿ ಕಾರು ಬಾಡಿಗೆಗೆ ಪಡೆಯಬಹುದು. ಕೆಲಸ ಸಿಕ್ಕಿ ವಾಸದ ವೀಸಾ ಕೈಗೆ ಬಂದಾಗಿನಿಂದ ಅದೇ ಐಡಿಪಿ ನಡೆಯುವುದಿಲ್ಲ, ಅಲ್ಲಿನ ಲೈಸೆನ್ಸೇ ಬೇಕು. ಲೈಸೆನ್ಸನ್ನು ನೇರವಾಗಿ ಬದಲಾಯಿಸಿಕೊಡುವ ದೇಶಗಳ ಪಟ್ಟಿಯಲ್ಲಿ ಭಾರತವಿಲ್ಲ. ಅಲ್ಲಿನ ಪರೀಕ್ಷೆ ಪಾಸು ಮಾಡಲೇಬೇಕು. ಊರಿನಲ್ಲಿ ಇಪ್ಪತ್ತು ವರ್ಷ ಬಸ್ಸು ಓಡಿಸಿದವರಿಗೂ ಇದೇ ನಿಯಮ. ‘ಒಂದು ವರ್ಷದ ಐಡಿಪಿ ಇದೆಯಲ್ಲ, ಅಲ್ಲಿಯವರೆಗೆ ಓಡಿಸ್ತೇನೆ’ ಎಂದುಕೊಂಡು ಕೆಲಸಕ್ಕೆ ಹೊರಡುವವರು ಈ ಸಾಲನ್ನು ಎರಡು ಸಲ ಓದಿಕೊಳ್ಳಲಿ.

ಪ್ರವಾಸಿಗೆ ಒಂದು ನಿಯಮ, ವಾಸಕ್ಕೆ ಹೋದವರಿಗೆ ಇನ್ನೊಂದು ಎಂಬುದು ಕೊಲ್ಲಿಯ ಮಾತಷ್ಟೇ ಅಲ್ಲ. ಜರ್ಮನಿಯಲ್ಲಿ ವಾಸ ಹೂಡಿದ ಮೇಲೆ ನಮ್ಮ ಡಿಎಲ್ ನಡೆಯುವುದು 6 ತಿಂಗಳು. ಆಮೇಲೆ ಲಿಖಿತ ಪರೀಕ್ಷೆ, ಚಾಲನಾ ಪರೀಕ್ಷೆ ಎರಡೂ ಬೇಕು. ಕೆನಡಾದ ಒಂಟಾರಿಯೊದಲ್ಲಿ ಹೊಸದಾಗಿ ನೆಲೆಸಿದವರಿಗೆ 60 ದಿನ. ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿದವರು 10 ದಿನದೊಳಗೆ ಅಲ್ಲಿನ ಲೈಸೆನ್ಸಿಗೆ ಅರ್ಜಿ ಹಾಕಬೇಕು. ಓದಲು, ಕೆಲಸಕ್ಕೆ ಹೋಗುವ ಮಕ್ಕಳು ಐಡಿಪಿಯನ್ನು ಮೊದಲ ಕೆಲವು ವಾರ, ತಿಂಗಳುಗಳ ಆಸರೆ ಎಂದಷ್ಟೇ ತಿಳಿದಿರಬೇಕು.

ಮಾಡಿಸುವುದು ಹೇಗೆ?

ಇದು ಸುಲಭದ ಕೆಲಸ, ಏಜೆಂಟರ ಅಗತ್ಯವಿಲ್ಲ. ಸಾರಥಿ ಪರಿವಾಹನ್ ಜಾಲತಾಣದಲ್ಲಿ ಕರ್ನಾಟಕವನ್ನು ಆರಿಸಿ, ಡಿಎಲ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಟ್ಟರೆ ಲೈಸೆನ್ಸಿಗೆ ಸಂಬಂಧಿಸಿದ ಸೇವೆಗಳ ಪಟ್ಟಿ ಬರುತ್ತದೆ. ಐಡಿಪಿ ಅದರಲ್ಲೇ ಇದೆ. ಅರ್ಜಿಯ ನಮೂನೆ 4ಎ. ನಿಯಮದಂತೆ ಶುಲ್ಕ 1,000 ರೂಪಾಯಿ. ಪಾಸ್‌ಪೋರ್ಟ್ ಪ್ರತಿ, ಡಿಎಲ್, ಫೋಟೊ, ಪ್ರಯಾಣದ ಟಿಕೆಟ್ ಸಿದ್ಧವಿರಲಿ. ಮೊದಲು ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಎರಡೂ ಕಡ್ಡಾಯವಾಗಿದ್ದವು. ಹೋದ ಮೇಲೆ ವೀಸಾ ಕೊಡುವ ದೇಶಗಳಿಗೆ ಹೊರಟವರು ವೀಸಾ ಎಲ್ಲಿಂದ ತರಬೇಕು ಎಂಬ ಪ್ರಶ್ನೆ ಇತ್ತು. 2021ರ ಜನವರಿಯಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ನಿಯಮ ತಿದ್ದಿ ಎರಡನ್ನೂ ಕೈಬಿಟ್ಟಿತು. ವಿದೇಶದಲ್ಲಿದ್ದಾಗಲೇ ಐಡಿಪಿಯ ಅವಧಿ ಮುಗಿದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕುವ ದಾರಿಯನ್ನೂ ಆಗಲೇ ತೆರೆಯಿತು. 2022ರ ಆಗಸ್ಟಿನಲ್ಲಿ ಇನ್ನೊಂದು ಒಳ್ಳೆಯ ಕೆಲಸವಾಯಿತು: ಅಲ್ಲಿಯವರೆಗೆ ರಾಜ್ಯಕ್ಕೊಂದು ಅಳತೆ, ರಾಜ್ಯಕ್ಕೊಂದು ಬಣ್ಣವಿದ್ದ ಪುಸ್ತಿಕೆ ದೇಶಕ್ಕೆಲ್ಲ ಒಂದೇ ಬಗೆಯದಾಯಿತು, ಡಿಎಲ್ ಜೊತೆ ತಾಳೆ ನೋಡಲು ಕ್ಯುಆರ್ ಕೋಡ್ ಬಂತು.

ಐಡಿಪಿಯ ಆಯುಷ್ಯ ಕೊಟ್ಟ ದಿನದಿಂದ ಒಂದು ವರ್ಷ, ಅಥವಾ ನಿಮ್ಮ ಡಿಎಲ್ ಮುಗಿಯುವವರೆಗೆ. ಯಾವುದು ಮೊದಲೋ ಅದು. ಮುಂದಿನ ಬೇಸಿಗೆಯ ಪ್ರವಾಸಕ್ಕೆ ಈಗಲೇ ಮಾಡಿಸಿಟ್ಟರೆ ಅರ್ಧ ಆಯುಷ್ಯ ಮನೆಯಲ್ಲೇ ಕಳೆಯುತ್ತದೆ. ಡಿಎಲ್‌ನ ಅವಧಿ ಹತ್ತಿರವಿದ್ದರೆ ಮೊದಲು ಅದನ್ನು ನವೀಕರಿಸಿ, ಮುಗಿಯುವ ಒಂದು ವರ್ಷ ಮೊದಲೇ ಅದಕ್ಕೆ ಅವಕಾಶವಿದೆ. 55 ದಾಟಿದವರಿಗೆ ನವೀಕರಣ ಸಿಗುವುದು ಐದೈದು ವರ್ಷಕ್ಕೆ. ಮಕ್ಕಳ ಮನೆಗೆ ಹೊರಡುವ ಹಿರಿಯರ ಡಿಎಲ್‌ಗಳು ಯಾರೂ ಗಮನಿಸದೆ ಮುಗಿದುಹೋಗಿರುವುದನ್ನು ಬಹಳ ಕಡೆ ನೋಡಿದ್ದೇನೆ. ಹಳೆಯ ಪುಸ್ತಕದ ರೂಪದ ಲೈಸೆನ್ಸ್ ಇರುವವರ ವಿವರ ಸಾರಥಿಯಲ್ಲಿ ಇಲ್ಲದಿರಬಹುದು. ಅಂಥವರು ಆರ್‌ಟಿಒಗೆ ಹೋಗಿ ಅದನ್ನು ಸೇರಿಸಿ, ಸ್ಮಾರ್ಟ್ ಕಾರ್ಡ್ ಮಾಡಿಸಿಕೊಂಡ ಮೇಲೆಯೇ ಮುಂದಿನ ಮಾತು. ಇವೆಲ್ಲಕ್ಕೂ ಸೇರಿ ಒಂದು ತಿಂಗಳು ಕೈಯಲ್ಲಿರಲಿ.

ಫೋನಿನ ಡಿಜಿಲಾಕರ್‌ನಲ್ಲಿರುವ ಡಿಎಲ್ ನಮ್ಮ ದೇಶದಲ್ಲಿ ನಡೆಯುತ್ತದೆ. ಹೊರಗೆ ಅದನ್ನು ನೆಚ್ಚಿಕೊಳ್ಳಬೇಡಿ. ಮೂಲ ಕಾರ್ಡನ್ನೇ ಒಯ್ಯಿರಿ.

ಇನ್ನೊಂದು ತೊಡಕು ನಮ್ಮದೇ, ದಕ್ಷಿಣದವರದ್ದು: ಹೆಸರು. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರುಗಳನ್ನು ಇನಿಷಿಯಲ್ ಮಾಡಿ ಮುಂದೆಯೋ ಹಿಂದೆಯೋ ಸೇರಿಸುತ್ತೇವೆ. ಪಾಸ್‌ಪೋರ್ಟ್ ಮಾಡಿಸುವಾಗ ಅವನ್ನು ಬಿಡಿಸಿ ಬರೆಯಬೇಕಾಗುತ್ತದೆ. ನನ್ನ ಡಿಎಲ್‌ನಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಪಾಸ್‌ಪೋರ್ಟಿನಲ್ಲಿ ಮೂರು ಪೂರ್ಣ ಪದಗಳಿದ್ದವು. ಯುರೋಪಿನ ಒಂದು ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲಿದ್ದ ಹುಡುಗಿಗೆ ಇವೆರಡೂ ಒಬ್ಬನದೇ ಎಂದು ತಿಳಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವಳದೇನೂ ತಪ್ಪಿರಲಿಲ್ಲ, ಅವಳ ಊರಿನಲ್ಲಿ ‘ಕೆ.’ ಎಂಬುದು ಒಂದು ಹಳ್ಳಿಯ ಹೆಸರಾಗಿರುವುದಿಲ್ಲ. ಊರಿಗೆ ಬಂದ ಮೇಲೆ ನಾನು ಮಾಡಿದ ಮೊದಲ ಕೆಲಸ, ಪಾಸ್‌ಪೋರ್ಟಿನಲ್ಲಿದ್ದಂತೆಯೇ ಡಿಎಲ್‌ನಲ್ಲಿ ಹೆಸರು ತಿದ್ದಿಸಿದ್ದು. ಐಡಿಪಿಗೆ ಅರ್ಜಿ ಹಾಕುವ ಮೊದಲು ನೀವೂ ಎರಡನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಅಕ್ಷರವಾಗಿ ನೋಡಿ.

ಕೊನೆಗೆ ಒಂದು ಎಚ್ಚರಿಕೆ. ಅಂತರ್ಜಾಲದಲ್ಲಿ ‘ಇಂಟರ್‌ನ್ಯಾಷನಲ್ ಡ್ರೈವರ್ಸ್ ಲೈಸೆನ್ಸ್’ ಎಂದು ಹುಡುಕಿದರೆ ಮೂರು ವರ್ಷದ್ದು, ಹತ್ತು ವರ್ಷದ್ದು ಎಂದು ಡಾಲರ್ ಲೆಕ್ಕದಲ್ಲಿ ಮಾರುವವರು ಸಿಗುತ್ತಾರೆ. ಮನೆಯಲ್ಲೇ ಕೂತು, ಹತ್ತು ನಿಮಿಷದಲ್ಲಿ, ಅಂದದ ಕಾರ್ಡ್ ಸಮೇತ ಎನ್ನುತ್ತಾರೆ. ಲೈಸೆನ್ಸ್ ಕೊಟ್ಟ ದೇಶದ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟ ಸಂಸ್ಥೆಯಷ್ಟೇ ಐಡಿಪಿ ಕೊಡಬಹುದು. ನಮ್ಮ ಐಡಿಪಿ ಒಂದು ವರ್ಷಕ್ಕಿಂತ ಹೆಚ್ಚು ನಡೆಯುವುದೇ ಇಲ್ಲ. ಹಾಗಾಗಿ ‘ಹತ್ತು ವರ್ಷ’ ಎಂಬ ಒಂದು ಮಾತೇ ಆ ಕಾರ್ಡ್ ಸುಳ್ಳೆಂದು ಹೇಳುತ್ತದೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಕೂಡ ಇಂಥ ಮಾರಾಟಗಾರರ ಬಗ್ಗೆ ಜನರನ್ನು ಎಚ್ಚರಿಸಿದೆ. ಪೊಲೀಸರ ಕೈಗೆ ಖೋಟಾ ದಾಖಲೆ ಕೊಡುವುದು ದಾಖಲೆ ಇಲ್ಲದಿರುವುದಕ್ಕಿಂತ ದೊಡ್ಡ ಅಪರಾಧವಾದೀತು.

ಹಾಗಾದರೆ ಐಡಿಪಿ ಬೇಕೇ? ನನ್ನ ತೀರ್ಮಾನ ಇದು: ಬ್ರಿಟನ್ ಅಥವಾ ಆಸ್ಟ್ರೇಲಿಯಾದಂಥ ಕಡೆ ಕಾನೂನು ಕೇಳದಿದ್ದರೂ ಮಾಡಿಸಿಕೊಳ್ಳಿ, ಕೇಳುವ ಕಡೆಗಂತೂ ಅದಿಲ್ಲದೆ ಹೊರಡಲೇಬೇಡಿ. ಬಾಡಿಗೆ ಕಾರಿನ ಒಂದು ದಿನದ ಖರ್ಚಿಗಿಂತಲೂ ಕಡಿಮೆ ಹಣದ ಕೆಲಸ ಅದು. ಮಾಡಿಸಿದ ಮೇಲೂ ಹೋಗುವ ದೇಶದ ಸಾರಿಗೆ ಇಲಾಖೆಯ ಜಾಲತಾಣವನ್ನೊಮ್ಮೆ ನೋಡಿ, ಬಾಡಿಗೆ ಕಂಪನಿಗೊಂದು ಇಮೇಲ್ ಬರೆದು ಉತ್ತರವನ್ನು ಫೋನಿನಲ್ಲಿ ಇಟ್ಟುಕೊಳ್ಳಿ. ಸದ್ಯಕ್ಕೆ, ಈ ಪುಟ ಮಡಿಸಿದ ಕೂಡಲೇ ಪರ್ಸಿನಿಂದ ಡಿಎಲ್ ತೆಗೆದು ಅದರ ಅವಧಿ ಯಾವತ್ತು ಮುಗಿಯುತ್ತದೆ ಎಂದು ನೋಡಿ.